ಎರಡನೇ ಹಾಳೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ದೂರು ತಂದವರು ಸಿನಿಮಾ ನಿರ್ಮಾಪಕರು. ಶುಕ್ರವಾರ ತೆರೆ ಕಾಣಬೇಕಿದ್ದ ಅವರ ದೆವ್ವದ ಚಿತ್ರದ ಪೋಸ್ಟರುಗಳಿಂದ ದೆವ್ವವೇ ಕಾಣೆಯಾಗಿತ್ತು.

“ಸಿನಿಮಾ ಹೆಸರಿದೆ, ಹಾಳುಬಾವಿಯಿದೆ, ನನ್ನ ಹೆಸರೂ ಇದೆ. ಮುಖ ಒಂದಿಲ್ಲ ಮೇಡಂ. ಹದಿನಾಲ್ಕು ಕಡೆ. ಇದು ನಮಗಾಗದವರ ಕೆಲಸಾನೇ.”

“ದೆವ್ವ ಅಲ್ವಾ ಸಾರ್, ಮಾಯ ಆಗೋದೇ ಅದರ ಕಸುಬು,” ಎಂದ ಹೆಡ್ ಕಾನ್‌ಸ್ಟೇಬಲ್. ಠಾಣೆಯವರೆಲ್ಲ ಅವನನ್ನು ಮಾವ ಎನ್ನುತ್ತಿದ್ದರು. ಇನ್ಸ್‌ಪೆಕ್ಟರ್ ಅವನತ್ತ ಒಮ್ಮೆ ನೋಡಿದಳು. ಮಾವ ತೆಪ್ಪಗೆ ಪೆನ್ನು ಹಿಡಿದ. ಎಫ್‌ಐಆರ್ ದಾಖಲಾಯಿತು.

ಹನ್ನೆರಡರ ಹೊತ್ತಿಗೆ ಬಸ್ ನಿಲ್ದಾಣದ ಗೋಡೆಯೆದುರು ಸ್ಥಳ ಪಂಚನಾಮೆ. ಪೋಸ್ಟರು ನಾಲ್ಕು ಹಾಳೆಗಳದ್ದು. ಒಂದರ ಕೆಳಗೊಂದು ಅಂಟಿಸಬೇಕು. ಮುಖವಿರುವುದು ಎರಡನೇ ಹಾಳೆಯಲ್ಲಿ. ಆ ಜಾಗದಲ್ಲಿ ಈಗ ಮೊದಲೇ ಅಲ್ಲಿದ್ದ ಸೋಪಿನ ಜಾಹೀರಾತು ನಗುತ್ತಿತ್ತು. ಇನ್ಸ್‌ಪೆಕ್ಟರ್ ಉಗುರಿನಿಂದ ಕೆರೆದು ನೋಡಿದಳು. ಹರಿದ ಚೂರಿಲ್ಲ, ಹೊಸ ಗೋಂದಿನ ಕಲೆಯೂ ಇಲ್ಲ.

“ಕಿತ್ತಿಲ್ಲ ಮಾವ. ಅಂಟಿಸೇ ಇಲ್ಲ.”

“ಅಂಟಿಸೋನು ಗೋಂದಣ್ಣ ಮೇಡಂ. ಇಡೀ ಊರಿಗೆ ಅವನೊಬ್ಬನೇ. ಗೋಡೆ ಬಿದ್ರೂ ಅವನು ಅಂಟಿಸಿದ ಕಾಗದ ಬೀಳಲ್ಲ.”

“ಬೇರೆ ಬೀದಿಗಳಲ್ಲಿ?”

“ಎಲ್ಲಾ ಕಡೆ ಮುಖ ಇದೆ. ಇಲ್ಲಿಂದ ಹೊರಡೋ ಒಂದು ಬಸ್ಸಿನ ದಾರೀಲಿ ಮಾತ್ರ ಇಲ್ಲ. ಅವನನ್ನ ಎಳ್ಕೊಂಡ್ ಬರ್ಲಾ?”

“ತಡಿ. ಮೂರು ಹಾಳೆ ಅಂಟಿಸಿದವನಿಗೆ ಅದೊಂದರ ಮೇಲೆ ಯಾಕೆ ಮುನಿಸು? ಮೊದಲು ಆ ಮುಖ ಯಾರದು ಅಂತ ಕೇಳೋಣ.”

ಠಾಣೆಯೆದುರಿನ ಗೋಡೆಯಲ್ಲಿ ಆ ಮುಖವಿತ್ತು. ಕರಗಿ ಕುತ್ತಿಗೆಗಿಳಿದಂಥ ಕೆನ್ನೆ, ಒಂದು ಬದಿಗೆ ಎಳೆದುಕೊಂಡ ತುಟಿ, ಬಿಳಿಗಣ್ಣು. ಬೆಳಿಗ್ಗೆ ಜೀಪಿನಿಂದ ಅದನ್ನು ಕಂಡು ಅವಳೂ ಮುಖ ತಿರುಗಿಸಿದ್ದಳು.

ಪೋಸ್ಟರ್ ಮಾಡಿದವನ ಕೋಣೆ ತಣ್ಣಗಿತ್ತು. ಮೇಜಿನ ಮೇಲೆ ಎರಡು ದೊಡ್ಡ ಪರದೆ.

“ಮುಖ ಯಾರದು?”

“ಯಾರದೂ ಅಲ್ಲ ಮೇಡಂ. ಕಂಪ್ಯೂಟರಿನಲ್ಲಿ ಮಾಡಿದ್ದು.”

“ಮಾಡಿದ್ದನ್ನೆಲ್ಲ ಒಂದೊಂದಾಗಿ ತೆಗೀರಿ. ನೋಡೋಣ.”

ಅವನು ಮೌಸ್ ಒತ್ತುತ್ತ ಹೋದ. ಬಾಯಂಚಿನ ರಕ್ತ ಹೋಯಿತು. ಕೆದರಿದ ಕೂದಲು ಹೋಯಿತು. ನೀಲಿ ಬೆಳಕು ಹೋಯಿತು. ಬಿಳಿಗಣ್ಣು ಅಳಿಸಿ ಕರಿಗಣ್ಣು ಮೂಡಿತು. ಕೊನೆಗೆ ಕತ್ತಲೂ ಸರಿದು, ನಿಲ್ದಾಣದ ಕಂಬದ ಪಕ್ಕ ಊಟದ ಚೀಲ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ಕೆನ್ನೆ ಮಾತ್ರ ಹಾಗೇ ಇತ್ತು. ಅದನ್ನು ಅವನು ಮಾಡಿರಲಿಲ್ಲ.

“ಬುರುಡೆ, ಬೊಂಬೆ, ಮುರಿದ ಬಾಗಿಲು, ಎಲ್ಲಾ ಮಾಡಿ ತೋರಿಸಿದೆ ಮೇಡಂ. ಭಯಾನೇ ಆಗ್ತಿಲ್ಲ ಅಂದ್ರು ನಿರ್ಮಾಪಕರು. ಒಂದಿನ ಕಾರಲ್ಲಿ ಹೋಗ್ತಾ ನಿಲ್ದಾಣದಲ್ಲಿ ಇವರು ಕಂಡ್ರು. ಮೊಬೈಲಲ್ಲಿ ತೆಗೆದೆ. ನೋಡಿದ ತಕ್ಷಣ ನಿರ್ಮಾಪಕರು ‘ಇದೇ’ ಅಂದ್ರು.”

“ಇವರನ್ನ ಕೇಳಿದ್ರಾ?”

“ಇಷ್ಟೆಲ್ಲ ಬದಲಾಯಿಸಿದ ಮೇಲೆ ಯಾರಿಗೆ ಗುರುತು ಸಿಗುತ್ತೆ ಅಂತ...”

“ಇಲ್ಲಿ ಇವರು ಯಾರನ್ನಾದ್ರೂ ಹೆದರಿಸ್ತಿದ್ದಾರಾ?”

ಅವನು ಪರದೆಯತ್ತ ಬಾಗಿ, ಆ ಚಿತ್ರವನ್ನು ಅದೇ ಮೊದಲು ಕಂಡವನಂತೆ ನೋಡಿದ. “ಇಲ್ಲ ಮೇಡಂ. ಬಸ್ಸಿನ ನಂಬರ್ ನೋಡ್ತಿದ್ದಾರೆ.”

ಮಾವನ ಹಾಸ್ಯವೆಲ್ಲ ಅಲ್ಲೇ ಇಂಗಿತು. “ಗೋಂದಣ್ಣನ ಅಕ್ಕ ಮೇಡಂ ಇದು. ಬಟ್ಟೆ ಕಾರ್ಖಾನೇಲಿ ಬಾಯ್ಲರ್ ಸಿಡೀತಲ್ಲ, ಆಗ ಆಗಿದ್ದು. ಆಕಸ್ಮಿಕ ಅಂತ ಬರೆದು ಕೇಸ್ ಮುಚ್ಚಿದ್ದು ನಮ್ಮ ಠಾಣೆನೇ.”

ಸಂಜೆ ಆರಕ್ಕೆ ಇಬ್ಬರು ಪಂಚರೊಂದಿಗೆ ಗೋಂದಣ್ಣನ ಮನೆ ತಲುಪಿದರು. ಒಂದೇ ಕೋಣೆ, ಹಿಂದೆ ಅಡುಗೆಗೊಂದು ಮರೆ. ಅವನ ಬೆರಳುಗಳ ಸಂದಿಯಲ್ಲಿ ಒಣಗಿದ ಗೋಂದು ಬೆಳ್ಳಗಿತ್ತು. ಕೇಳುವ ಮೊದಲೇ ಅಲಮಾರಿಯ ಹಿಂದಿನಿಂದ ಹಾಳೆಗಳ ಸುರುಳಿ ತೆಗೆದಿಟ್ಟ. ತೊಳೆದ ದುಪ್ಪಟಿಯಲ್ಲಿ ಸುತ್ತಿತ್ತು.

“ಹರಿದು ಎಸೀಬಹುದಿತ್ತಲ್ಲೋ,” ಎಂದ ಮಾವ.

“ಹೇಗಣ್ಣ ಹರೀಲಿ? ಅಕ್ಕ ಅಲ್ವಾ.”

“ಬೇರೆ ಬೀದಿಗಳಲ್ಲಿ ಅಂಟಿಸಿದ್ದೀಯಲ್ಲ?” ಇನ್ಸ್‌ಪೆಕ್ಟರ್ ಕೇಳಿದಳು.

ಅವನು ತಲೆ ತಗ್ಗಿಸಿದ. “ಆಗಲ್ಲ ಅಂದಿದ್ರೆ ಕೆಲಸ ಪಕ್ಕದೂರಿನವನಿಗೆ ಹೋಗ್ತಿತ್ತು. ಅವನು ಈ ದಾರಿಗೂ ಅಂಟಿಸ್ತಿದ್ದ. ಎರಡು ವರ್ಷ ಹೊಸಿಲು ದಾಟಿರ್ಲಿಲ್ಲ ಮೇಡಂ ನಮ್ಮಕ್ಕ. ಈಗ್ತಾನೆ ಹೊಲಿಗೆ ಅಂಗಡಿಗೆ ಹೋಗ್ತಿದ್ದಾಳೆ. ಇದನ್ನ ಕಂಡ್ರೆ ಮತ್ತೆ ಒಳಗೆ ಸೇರ್ಕೋತಾಳೆ. ಅವಳು ಓಡಾಡೋ ದಾರಿಯಾದ್ರೂ ಉಳೀಲಿ ಅಂತ...” ದನಿ ತಗ್ಗಿಸಿದ. “ಕಾರ್ಖಾನೆಯವರು ಸುಟ್ರು, ಇವರು ಮಾರಿದ್ರು. ಇಲ್ಲಿ ಬಿಚ್ಚಬೇಡಿ, ಕಾಲಿಗೆ ಬೀಳ್ತೀನಿ. ಅವಳಿಗೆ ಗೊತ್ತಿಲ್ಲ.”

ಪಂಚರು ಕಾಣದೆ ಜಪ್ತಿ ಆಗುವಂತಿರಲಿಲ್ಲ. ಇನ್ಸ್‌ಪೆಕ್ಟರ್ ಸುರುಳಿಯ ಮೇಲೆ ಕೈಯಿಟ್ಟು ಕುಳಿತಳು.

“ಗೊತ್ತು ಕಣೋ,” ಎಂದಿತು ಮರೆಯ ಹಿಂದಿನ ದನಿ. ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಬಂದಳು. “ಹೋದ ವಾರ ಬಸ್ಸು ಕೆಟ್ಟು ಠಾಣೆ ಮುಂದಿನ ದಾರೀಲಿ ನಡ್ಕೊಂಡು ಬಂದೆ. ಅಲ್ಲಿದ್ದೆ ನಾನು, ಗೋಡೆ ಮೇಲೆ.”

“ಮತ್ತೆ ಹೇಳಲೇ ಇಲ್ವಲ್ಲೇ.”

“ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದೀಯಲ್ಲ. ಕೆಲಸಕ್ಕೂ ಹೋದೆ, ನಿನ್ನ ಮುಂದೆ ನಗ್ತಾನೂ ಇದ್ದೆ.” ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. “ಬಿಚ್ಚಿ ಮೇಡಂ. ನಾನೂ ನಿಂತು ಸರಿಯಾಗಿ ನೋಡ್ತೀನಿ.”

ಹಾಳೆ ಬಿಚ್ಚಿತು. ಪಂಚರು ನೆಲ ನೋಡಿದರು. ಇನ್ಸ್‌ಪೆಕ್ಟರ್ ಈ ಸಲ ಮುಖ ತಿರುಗಿಸಲಿಲ್ಲ. ಹಾಳೆಯನ್ನು ನೋಡಿದಳು, ಅಕ್ಕನನ್ನೂ ನೋಡಿದಳು.

“ಕಣ್ಣು ನಂದಲ್ಲ,” ಎಂದಳು ಅಕ್ಕ. “ಬಾಕಿಯೆಲ್ಲ ನಂದೇ. ನನ್ನನ್ನ ಕೇಳದೆ ತಗೊಂಡಿದ್ದಾರೆ. ಇದಕ್ಕೂ ದೂರು ಬರ್ಕೋತೀರಾ?”

“ಬರ್ಕೋತೀವಿ.”

ಏಳು ಗಂಟೆಗೆ ನಂಬಿಕೆ ದ್ರೋಹದ ಆರೋಪದಲ್ಲಿ ಗೋಂದಣ್ಣನ ಬಂಧನವಾಯಿತು. ಅಕ್ಕ ಜೀಪಿನ ಮುಂದಿನ ಸೀಟಿನಲ್ಲೇ ಕುಳಿತು, ಸೆರಗು ತಲೆಗೆಳೆಯದೆ ಠಾಣೆಗೆ ಬಂದಳು. ಪೋಸ್ಟರ್ ಮಾಡಿದವನ ಮೇಲೂ ನಿರ್ಮಾಪಕರ ಮೇಲೂ ಇನ್ನೊಂದು ಎಫ್‌ಐಆರ್ ದಾಖಲಾಯಿತು. ಮಾವ, ಯಾರೂ ಹೇಳದೆಯೇ, ಬಾಯ್ಲರ್ ಪ್ರಕರಣದ ಕಡತ ಹುಡುಕಿ ತಂದು ಧೂಳು ಕೊಡವಿ ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟ.

ಬಂಧನದ ವರದಿಯಲ್ಲಿ ಅಪರಾಧದ ಉದ್ದೇಶ ಬರೆಯಬೇಕಾದಲ್ಲಿ ಇನ್ಸ್‌ಪೆಕ್ಟರ್ ಬರೆದಳು: ‘ಆರೋಪಿಯ ಅಕ್ಕ ದಿನವೂ ಆ ದಾರಿಯಲ್ಲಿ ಕೆಲಸಕ್ಕೆ ಹೋಗಬೇಕಿತ್ತು.’