ಛಾವಣಿಯ ನೆತ್ತಿಗೊಂದು ಹಸಿರು ಮಾಲೆ

ಆಗ ತಾನೇ ಕೊಯ್ದ ಪೈನ್ ಮರದ ವಾಸನೆ, ಅದರೊಳಗೆ ಒಂದಿಷ್ಟು ಡಾಂಬರು, ಒಂದಿಷ್ಟು ಒದ್ದೆ ಉಣ್ಣೆ... ಗುನ್ವೋರ್‌ಗೆ ಅಪ್ಪ ಎಂದರೆ ಇದೇ ವಾಸನೆ. ಸಂಜೆ ಅವನು ಬಾಗಿಲು ದೂಡಿಕೊಂಡು ಬಂದೊಡನೆ ಓಡಿಹೋಗಿ ಅವನ ಸ್ವೆಟರಿಗೆ ಮೂಗು ಒತ್ತುತ್ತಿದ್ದಳು. ಕೂದಲಿಗೆಲ್ಲ ಮರದ ಹೊಟ್ಟು ಅಂಟಿಕೊಳ್ಳುತ್ತಿತ್ತು. ಅಮ್ಮ ಬೈಯುತ್ತಲೇ ಬಾಚಣಿಗೆ ತರುತ್ತಿದ್ದಳು.

ಅಪ್ಪ ಅನ್‌ಫಿನ್ ಬಡಗಿಗಳ ಮೇಸ್ತ್ರಿ. ಗುನ್ವೋರ್‌ಗೆ ಹದಿನೆಂಟಾಗಿದ್ದಾಗ, ಹಾರ್ಡಾಂಗರ್ ಸೀಮೆಯ ಒಂದು ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ.

ಅದು ಮಾಲೆ ಕಟ್ಟುವ ದಿನ. ಛಾವಣಿಯ ಮರಗೆಲಸ ಮುಗಿದಾಗ ಮೇಸ್ತ್ರಿಯಾದವನು ಸ್ಪ್ರೂಸ್ ಮರದ ಸೊಪ್ಪಿನ ಮಾಲೆಯನ್ನು ಅದರ ನೆತ್ತಿಗೆ ಕಟ್ಟಬೇಕು, ಕಟ್ಟಿಸಿದವರು ಕೆಲಸದವರಿಗೆಲ್ಲ ಊಟ ಹಾಕಬೇಕು. ಆ ಕಡೆಯ ಹಳೆಯ ಮೇಸ್ತ್ರಿಗಳಿಗೆ ಇನ್ನೂ ಒಂದು ಹಟವಿತ್ತು. ವರ್ಷವೆಲ್ಲ ಸೊಂಟಕ್ಕೆ ಹಗ್ಗ ಕಟ್ಟಿದರೂ ಮಾಲೆಯ ದಿನ ಮಾತ್ರ ಕಟ್ಟುತ್ತಿರಲಿಲ್ಲ. ತಾನೇ ಕಟ್ಟಿದ ಛಾವಣಿಯ ಮೇಲೆ ತನಗೇ ನಂಬಿಕೆಯಿಲ್ಲವೇ ಎಂದು ಜನ ಆಡಿಕೊಂಡಾರೆಂಬ ಬಿಗುಮಾನ. ಅನ್‌ಫಿನ್ ಮಾಲೆ ಹಿಡಿದುಕೊಂಡೇ ಬಿದ್ದಿದ್ದ.

ಮರುವರ್ಷ ಮಗಳು ಬಡಗಿ ಕೆಲಸ ಕಲಿಯಲು ಹೊರಟಾಗ ಅಮ್ಮ ಆಸ್ಲಾಗ್ ಜಗಳವಾಡಲಿಲ್ಲ. ಆದರೆ ಮಗಳು ಕಟ್ಟಿದ ಒಂದು ಮನೆಯನ್ನೂ ನೋಡಲು ಬರಲಿಲ್ಲ. ಹದಿಮೂರು ವರ್ಷ... ಒಂದನ್ನೂ.

ನವೆಂಬರಿನ ಒಂದು ಬೆಳಿಗ್ಗೆ, ಊರಿನ ಹೊಸ ಶಾಲೆಯ ಕೆಲಸಕ್ಕೆ ಬರ್ಗನ್ ನಗರದಿಂದ ಸಿಂದ್ರೆ ಎಂಬ ಬಡಗಿ ಬಂದ. ಎತ್ತರದ ಆಳು, ಮೂವತ್ತನಾಲ್ಕರ ಪ್ರಾಯ. ಕೆಲಸದವರ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಗುನ್ವೋರ್‌ಳನ್ನು ನೋಡಿ, ಮೇಸ್ತ್ರಿ ಎಲ್ಲಿ ಸಿಗುತ್ತಾರೆ ಎಂದು ಕೇಳಿದ.

“ಸಿಕ್ಕಿದಾಳಲ್ಲ,” ಎಂದು ಅವಳು ಕೈ ಚಾಚಿದಳು. “ಗುನ್ವೋರ್ ಹೆಗ್ಲಾಂದ್.”

ಆ ಹೆಸರು ಕೇಳಿದ್ದೇ ಅವನ ಮುಖದ ಬಣ್ಣ ಇಳಿಯಿತು. ಅವಳ ಕೈ ಗಾಳಿಯಲ್ಲೇ ಉಳಿಯಿತು.

ಹಿಂದಿದ್ದ ಮುದಿ ಬಡಗಿ ಓಲಾಯ್ ನಕ್ಕ. “ಹೆದರ್ಬೇಡಪ್ಪ, ಕಚ್ಚಲ್ಲ ಅವಳು. ಸೋಮವಾರ ಒಂದಿನ ಹುಷಾರಾಗಿರು, ಸಾಕು.”

ಇನ್ನೊಬ್ಬ ಬಂದ, ಎಂದುಕೊಂಡಳು ಗುನ್ವೋರ್. ಹೆಂಗಸಿನ ಕೈಕೆಳಗೆ ಕೆಲಸ ಎಂದೊಡನೆ ಬಿಳಿಚಿಕೊಳ್ಳುವ ಇನ್ನೊಬ್ಬ ಗಂಡಸು.

ಆದರೆ ಸಿಂದ್ರೆ ಆ ಜಾತಿಯವನಾಗಿರಲಿಲ್ಲ. ಅವಳು ಹೇಳಿದ ಅಳತೆಯನ್ನು ಮತ್ತೊಬ್ಬರ ಬಳಿ ಹೋಗಿ ಖಚಿತಪಡಿಸಿಕೊಳ್ಳುತ್ತಿರಲಿಲ್ಲ. ಸಾಮಾನು ತಂದ ಲಾರಿಯವನು ಅವಳನ್ನು ದಾಟಿ ತನ್ನ ಬಳಿ ಬಂದರೆ, ಅವಳತ್ತ ಗದ್ದ ಎತ್ತಿ ತೋರಿಸುತ್ತಿದ್ದ.

ಕೆಲಸದ ಜಾಗದಲ್ಲಿ ಇದ್ದದ್ದು ಒಂದೇ ಶೌಚದ ಕೋಣೆ. ಅದರ ಚಿಲಕ ಮುರಿದಿತ್ತು. ಹಾಗಾಗಿ ಗುನ್ವೋರ್ ದಿನವೂ ರಸ್ತೆಯಾಚೆಯ ಪೆಟ್ರೋಲ್ ಬಂಕಿನವರೆಗೆ ನಡೆಯುತ್ತಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಅಲ್ಲಿ ಗಟ್ಟಿಯಾದ ಹೊಸ ಚಿಲಕ, ಕೋಟು ತೂಗುಹಾಕಲು ಒಂದು ಗೂಟ. ಯಾರ ಕೆಲಸವೆಂದು ಯಾರೂ ಹೇಳಲಿಲ್ಲ. ಗೂಟದ ತುದಿಯನ್ನು ಅಷ್ಟು ನುಣ್ಣಗೆ ಉಜ್ಜುವವನು ತಂಡದಲ್ಲಿ ಒಬ್ಬನೇ ಎಂದು ಅವಳ ಬೆರಳುಗಳಿಗೆ ಗೊತ್ತಾಯಿತು.

ಅವತ್ತಿನಿಂದ ಸಿಂದ್ರೆ ಇರುವ ಕಡೆಗೆ ಅವಳ ಕಣ್ಣು ತಾನಾಗಿ ಹೋಗತೊಡಗಿತು... ಅವನ ಕಣ್ಣು ಮೊದಲೇ ಅಲ್ಲಿರುತ್ತಿತ್ತು. ಸಿಕ್ಕಿಬಿದ್ದೊಡನೆ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಯಾಕಿಷ್ಟು ದುಃಖ ಇವನ ಮುಖದಲ್ಲಿ? ಕೇಳಬೇಕೆಂದು ಎಷ್ಟೋ ಸಲ ಬಾಯಿವರೆಗೆ ಬಂತು. ಚಳಿಗಾಲ ಕಳೆಯಿತು, ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಛಾವಣಿ ಎದ್ದಿತು. ಮಾಲೆಯ ದಿನ ನಿಗದಿಯಾಯಿತು.

ಗುನ್ವೋರ್ ಅಮ್ಮನ ಅಡುಗೆಮನೆಯಲ್ಲಿ ಕುಳಿತು, ಬಾ ಎಂದಳು. ಮೇಸ್ತ್ರಿಯಾಗಿ ತಾನು ಕಟ್ಟುತ್ತಿರುವ ಮೊದಲ ಮಾಲೆ, ನೀನು ನೋಡದಿದ್ದರೆ ಕಟ್ಟಿದ ಹಾಗೇ ಅಲ್ಲ ಎಂದಳು. ಆಸ್ಲಾಗ್ ತುಂಬ ಹೊತ್ತು ಕಪ್ಪು ತೊಳೆಯುತ್ತಲೇ ಇದ್ದಳು. ಕೊನೆಗೆ, ಯಾವ ಬೂಟು ಹಾಕಿಕೊಳ್ಳಲಿ, ಅಲ್ಲಿ ಕೆಸರಿರುತ್ತದಲ್ಲ, ಎಂದಳು. ಅಷ್ಟೇ ಸಾಕಾಯಿತು.

ಆ ದಿನ ಊರೆಲ್ಲ ಸೇರಿತ್ತು. ತುಂತುರು ಮಳೆ, ಬೆಟ್ಟಗಳ ನಡುವೆ ಒಳಬಂದ ಕಡಲತೋಳು ಫ್ಯೋರ್ಡ್‌ನ ಕಡೆಯಿಂದ ಗಾಳಿ. ಗುನ್ವೋರ್ ಹಗ್ಗ ಸಿಕ್ಕಿಸುವ ಸೊಂಟದ ಪಟ್ಟಿಯನ್ನು ಬಿಚ್ಚಿ ಬೇಲಿಗೆ ತೂಗುಹಾಕಿದಳು. ಅಪ್ಪನ ಹಾಗೆ! ಸಿಂದ್ರೆ ಅದನ್ನು ನೋಡಿದ.

ಪುರಸಭೆಯ ಅಧ್ಯಕ್ಷರು ಮಾಲೆ ಎತ್ತಿಕೊಂಡು ಬಂದರು. ಒಳ್ಳೆಯ ಮುದುಕರು, ಕೆಟ್ಟ ಮನಸ್ಸಿಲ್ಲ. ಅವರ ಕಣ್ಣು ಸಾಲಿನುದ್ದಕ್ಕೂ ಹುಡುಕಿ ಎಲ್ಲರಿಗಿಂತ ಎತ್ತರದವನ ಮೇಲೆ ನಿಂತಿತು. “ತಗೊಳ್ಳಿ ಮೇಸ್ತ್ರಿಗಳೇ,” ಎಂದು ಮಾಲೆಯನ್ನು ಸಿಂದ್ರೆಯ ಕೈಗಿಟ್ಟರು.

ನಾನಲ್ಲ, ಇವಳು... ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಬಡಗಿಗಳೆಲ್ಲ ಅವನ ಬಾಯಿ ನೋಡಿದರು. ಸಿಂದ್ರೆ ಒಂದು ಸಲ ಬೇಲಿಯ ಮೇಲಿನ ಪಟ್ಟಿಯತ್ತ ನೋಡಿದ. ಒದ್ದೆ ನೆತ್ತಿಯತ್ತ ನೋಡಿದ. ಆಮೇಲೆ ಮಾಲೆ ಹೆಗಲಿಗೇರಿಸಿ, ಹಗ್ಗ ಬಿಗಿದುಕೊಂಡು, ತಾನೇ ಹತ್ತಿದ.

ಊರು ಚಪ್ಪಾಳೆ ತಟ್ಟಿತು. ಗುನ್ವೋರ್ ಅಮ್ಮನತ್ತ ತಿರುಗಲಾರದೆ ಕೆಸರನ್ನೇ ನೋಡುತ್ತ ನಿಂತಳು. ಇದನ್ನು ನೋಡೋಕಾ ನಿನ್ನ ಕರೆಸಿದ್ದು ಅಮ್ಮ...

ಅವನು ಇಳಿದು ಬಂದಾಗ ಅವಳು ಎರಡೇ ಮಾತಾಡಿದಳು. “ಬೇರೆ ಯಾರಾದ್ರೂ ಆಗಿದ್ರೆ ಸಹಿಸ್ಕೋತಿದ್ದೆ. ನೀನು...”

ಊಟಕ್ಕೆ ಕೂರಲಿಲ್ಲ. ಸಂಜೆಗೆ ಮೊದಲೇ, ಓಲಾಯ್ ಎದುರಿಗೇ, ಸ್ಟವಾಂಗರ್ ನಗರದ ಒಂದು ಕಂಪನಿಗೆ ಫೋನ್ ಮಾಡಿ, ಹಿಂದೆ ಬೇಡವೆಂದಿದ್ದ ಕೆಲಸ ಇನ್ನೂ ಇದೆಯೇ ಎಂದು ಕೇಳಿದಳು. ಇತ್ತು.

ಮರುದಿನ ಶನಿವಾರ. ಅಮ್ಮನಿಗೆ ವಿಷಯ ಹೇಳಲು ಹೋದಾಗ ಆಸ್ಲಾಗ್ ಕಿಟಕಿಯ ಬಳಿ ಕುಳಿತಿದ್ದಳು.

“ಮೇಲೆ ಹತ್ತಿದನಲ್ಲ, ಅವನ ಹೆಸರು ಸಿಂದ್ರೆನಾ?”

“ಹೂಂ.”

“ನಿಮ್ಮಪ್ಪ ಬಿದ್ದಾಗ ಕೆಳಗೆ ಇದ್ದೋನು ಅವನೇ ಕಣೆ. ಮಣ್ಣು ಮಾಡೋ ದಿನ ಚರ್ಚಿನ ಗೇಟಿನ ಹೊರಗೇ ನಿಂತಿದ್ದ. ಒಳಗೆ ಬಾ ಅಂತ ನಾನು ಕರೀಲಿಲ್ಲ.” ಅವಳು ಮಡಿಲಲ್ಲಿದ್ದ ಕೈ ನೋಡಿಕೊಂಡಳು. “ಕರೀಬೇಕಿತ್ತು.”

ಗುನ್ವೋರ್‌ಗೆ ಆ ಸಾವಿನ ವಿಚಾರಣೆಯ ಹೆಸರುಗಳೊಂದೂ ಗೊತ್ತಿರಲಿಲ್ಲ. ಆಗ ಕೇಳುವ ಶಕ್ತಿಯಿರಲಿಲ್ಲ, ಆಮೇಲೆ ಕೇಳುವ ಮನಸ್ಸಾಗಲಿಲ್ಲ. ನವೆಂಬರಿನ ಆ ಬೆಳಗು, ಬಣ್ಣ ಇಳಿದ ಆ ಮುಖ... ಅವನು ಬೆಚ್ಚಿದ್ದು ಹೆಂಗಸನ್ನು ಕಂಡಲ್ಲ. ಅನ್‌ಫಿನ್‌ನ ಮಗಳನ್ನು ಕಂಡು.

ಅವಳು ಶಾಲೆಯತ್ತ ನಡೆದಳು. ಆಸ್ಲಾಗ್ ಬೂಟು ಹಾಕಿಕೊಂಡು, ಕೈಚೀಲ ಹಿಡಿದು ಹಿಂದೆ ಹೊರಟಳು.

ಸಿಂದ್ರೆ ಸಾರುವೆಯ ಬುಡದಲ್ಲಿ ಕುಳಿತಿದ್ದ. ಮಾಲೆ ಅವನ ಮಡಿಲಲ್ಲಿತ್ತು. ಬೆಳಿಗ್ಗೆ ಬಿಚ್ಚಿ ತಂದಿದ್ದ. ಹಿಂದಿನ ದಿನವೇ ಅಧ್ಯಕ್ಷರ ಮನೆಗೆ ಹೋಗಿ, ಮೇಸ್ತ್ರಿ ತಾನಲ್ಲವೆಂದು ಹೇಳಿ ಬಂದಿದ್ದ. ಅವರು ತುಂಬ ನೊಂದುಕೊಂಡರಂತೆ.

“ನೀನು ಪಟ್ಟಿ ಬಿಚ್ಚಿಟ್ಟಿದ್ದೆ,” ಎಂದ, ತಲೆ ಎತ್ತದೆ. “ಆವತ್ತು ನಿಮ್ಮಪ್ಪನ ಹಗ್ಗ ನನ್ನ ಕೈಯಲ್ಲಿತ್ತು. ನನಗೆ ಇಪ್ಪತ್ತು ವರ್ಷ. ಮೇಸ್ತ್ರಿಗೆ ಕಟ್ಕೊಳ್ಳಿ ಅನ್ನೋಕೆ ನಾಲಿಗೆ ಏಳ್ಲಿಲ್ಲ. ನಿನ್ನೆ ನಿನಗೂ ಅನ್ನೋಕಾಗ್ಲಿಲ್ಲ. ಮಾಲೆ ಕೈಗೆ ಬಂತು, ನಾನೇ ಹತ್ತಿಬಿಟ್ಟೆ.”

ಅವಳಿಗೆ ಅಳು ಒತ್ತರಿಸಿ ಬಂತು. ಆದರೂ ಮಾತು ಬಿಡಲಿಲ್ಲ.

“ಬೈಬೇಕಿತ್ತು ನನ್ನ. ಕಟ್ಕೋ ಹಗ್ಗಾನ ಅಂತ ಊರ ಮುಂದೆ ಕೂಗ್ಬೇಕಿತ್ತು. ನನ್ನ ಜಾಗ ತಗೊಂಡು ನನ್ನ ಉಳಿಸೋದು ಉಳಿಸೋದಲ್ಲ, ಸಿಂದ್ರೆ. ಅಮ್ಮ ನೋಡ್ತಿದ್ಲು.”

“ಗೊತ್ತು.”

“ಐದು ತಿಂಗಳು ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನನ್ನ ಮುಖ ನೋಡಲ್ಲ ನೀನು ಅಂತ. ನಿನ್ನ ನೋಡದೆ ಇರೋಕೆ... ಆಗ್ತಿರ್ಲಿಲ್ಲ ನನಗೆ.”

ಅವನು ಎದ್ದು, ಬೇಲಿಯಿಂದ ಪಟ್ಟಿ ತೆಗೆದು ಅವಳತ್ತ ಚಾಚಿದ. “ಕಟ್ಕೋ,” ಎಂದ. ಹದಿನಾಲ್ಕು ವರ್ಷ ತಡವಾಗಿ ಬಾಯಿಂದ ಬಿದ್ದ ಮಾತು.

ಅವಳು ಕಟ್ಟಿಕೊಂಡಳು.

ಚಪ್ಪಾಳೆಯಿರಲಿಲ್ಲ. ಊರಿರಲಿಲ್ಲ. ಕಡಲಹಕ್ಕಿಗಳಿದ್ದವು. ಗುನ್ವೋರ್ ಹತ್ತಿ, ಛಾವಣಿಯ ನೆತ್ತಿಗೆ ಮಾಲೆ ಬಿಗಿದು ಕೆಳಗೆ ನೋಡಿದಳು. ಅಮ್ಮ ಕೆಸರಿನಲ್ಲಿ ನಿಂತು, ಕಣ್ಣು ಮುಚ್ಚದೆ, ಕತ್ತೆತ್ತಿ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಸಿಂದ್ರೆ ಹಗ್ಗ ಹಿಡಿದಿದ್ದ. ಅವನು ಅಳುತ್ತಿದ್ದುದು ಅಷ್ಟು ಮೇಲಿನಿಂದಲೂ ಕಾಣುತ್ತಿತ್ತು.

ಇಳಿದು ಬಂದಾಗ ಅವಳು ಹಗ್ಗ ಬಿಚ್ಚುವ ಮೊದಲೇ ಅವನ ಕೈ ಹಿಡಿದುಕೊಂಡಳು.

“ಸ್ಟವಾಂಗರ್‌ಗೆ ಹೋಗ್ತೀಯಂತೆ, ಓಲಾಯ್ ಹೇಳ್ದ,” ಎಂದ ಅವನು.

“ಬರಲ್ಲ ಅಂತ ಇವತ್ತೇ ಫೋನ್ ಮಾಡ್ತೀನಿ.”

“ಆದ್ರೆ... ನಿಮ್ಮಪ್ಪ...”

“ಅಪ್ಪ ತಿರುಗಿ ಬರಲ್ಲ, ಸಿಂದ್ರೆ. ನೀನಾದ್ರೂ ಇರು.”

ಆಸ್ಲಾಗ್ ಹತ್ತಿರ ಬಂದಳು. ಸಿಂದ್ರೆ ಟೋಪಿ ತೆಗೆದು ತಲೆ ತಗ್ಗಿಸಿ ನಿಂತ, ಅಂದು ಚರ್ಚಿನ ಗೇಟಿನ ಹೊರಗೆ ನಿಂತಿದ್ದ ಹಾಗೆ. ಅವಳು ಕೈಚೀಲಕ್ಕೆ ಕೈಹಾಕಿ, ಕಾಗದದಲ್ಲಿ ಸುತ್ತಿದ ಬುತ್ತಿಯೊಂದನ್ನು ತೆಗೆದಳು. ಬ್ರೆಡ್ಡಿನ ನಡುವೆ ಕಂದು ಚೀಸು, ಮನೆಯಿಂದ ಹೊರಡುವ ಮೊದಲು ಯಾವಾಗಲೋ ಮಾಡಿದ್ದು.

ಅದನ್ನು ಅವನ ಕೈಗಿಟ್ಟಳು.