ಹಲಗೆಯ ಮೇಲಿನ ಡಬ್ಬಿ

ಮುಶಿಗೇರಿಯ ಅಜ್ಜಿ ಮದರಬಿ ಜೋಳದ ರೊಟ್ಟಿ ಸುಟ್ಟರೆ ಅದರ ಘಮ ಓಣಿಯ ತಿರುವಿನವರೆಗೂ ಬರುತ್ತಿತ್ತು. ಹೊಸ ಅಕ್ಕಿ ಬೇಯುವಾಗಿನಂಥ, ತುಸು ಸಿಹಿಯಾದ ಘಮ. ಅಜ್ಜಿ ಹೋದ ಮೇಲೆ ಆ ಜೋಳದ ತಳಿಯೂ ಕಾಣೆಯಾಯಿತು. ಮೊಮ್ಮಗಳು ಜಬೀನ ಅದನ್ನೇ ತನ್ನ ಸಂಶೋಧನೆಯ ವಿಷಯ ಮಾಡಿಕೊಂಡಳು. ರಾಜೂರ, ಜಕ್ಕಲಿ ಎಂದು ಬಿಸಿಲಲ್ಲಿ ಅಲೆದು, ಯಾರದೋ ಗಡಿಗೆಯ ತಳದಲ್ಲಿ ಹಿಡಿಯಷ್ಟು ಕಾಳು ಹುಡುಕಿ, ಬಿತ್ತಿ ಬೆಳೆದು, ಒಂದು ದೊಡ್ಡ ಜಾಡಿ ತುಂಬಿಸಿದ್ದಳು. ಉಳಿದದ್ದು ಅಷ್ಟೇ.

ಗಜೇಂದ್ರಗಡದ ಕಾಲೇಜಿನ ಪ್ರಯೋಗಾಲಯದಲ್ಲಿದ್ದ ಆ ಜಾಡಿಯ ಮೇಲೆ ಈಗ ಮಾರ್ಗದರ್ಶಕ ಕಳಕಪ್ಪ ಸರ್ ಹೆಸರಿತ್ತು. ತಳಿಯ ಬಗೆಗಿನ ಲೇಖನವೂ ಅವರ ಹೆಸರಲ್ಲೇ ಅಚ್ಚಾಗಿತ್ತು.

ಜಬೀನ ಕೇಳಿದ್ದಕ್ಕೆ ಅವರು ಎಲ್ಲರೆದುರು ನಕ್ಕಿದ್ದರು. "ಊರೂರು ತಿರುಗಿ ಕಾಳು ಆರಿಸ್ಕೊಂಡ ಬಂದಿ, ಅಷ್ಟ. ಆರಿಸಾವ್ರೆಲ್ಲಾ ವಿಜ್ಞಾನಿ ಆಗೂದಾದ್ರ ಗುಬ್ಬಿಗೂ ಡಾಕ್ಟರೇಟ್ ಕೊಡಬೇಕಾಕ್ಕತಿ, ತಂಗಿ."

ಆ ನಗು ಅವಳ ಎದೆಯಲ್ಲಿ ಕೆಂಡವಾಗಿ ಕೂತಿತು.

ತಳಿಯನ್ನು ಪರೀಕ್ಷಿಸಲು ವಿಶ್ವವಿದ್ಯಾಲಯದ ಸಮಿತಿ ಬರುವುದಿತ್ತು. ಪ್ರಯೋಗಾಲಯದ ಕೀಲಿ ಜಬೀನಳ ಬಳಿಯೇ ಇರುತ್ತಿತ್ತು. ಜಾಡಿ ಬರಿದು ಮಾಡಿ ಅದೇ ಬಣ್ಣದ ಪೇಟೆಯ ಜೋಳ ತುಂಬಿದಳು. ಅಮ್ಮ ಕಾಶೀಂಬಿ ರೊಟ್ಟಿ ಮಾರುವವಳು. ಮನೆ ತುಂಬ ಜೋಳ. ಅಲ್ಲಿ ಇನ್ನಷ್ಟು ಜೋಳ ಬಚ್ಚಿಟ್ಟರೆ ಯಾರು ಗುರುತಿಸಿಯಾರು? ಅಮ್ಮ ಬೀಸಿಸುವುದು ಬಾಗಿಲ ಬಳಿಯ ಚೀಲದಿಂದ. ಎತ್ತರದ ಹಲಗೆಯ ಮೇಲೆ ವರ್ಷಗಳಿಂದ ಬರಿದಾಗಿದ್ದ ಡಬ್ಬಿಗೆ ಅಸಲಿ ಕಾಳು ಸುರಿದಳು. ಸರ್ ಮಾನ ಹೋಗಲಿ. ಆಮೇಲೆ ತಳಿ ಮತ್ತೆ ಸಿಕ್ಕಿತೆಂದು ತನ್ನ ಹೆಸರಲ್ಲೇ ತೋರಿಸಿದರಾಯಿತು.

ಅನುಮಾನ ಬರದಿರಲೆಂದು ತಾನೇ ಹೇಳಿದಳು: "ಸರ್, ಬಂದವರ ಊಟಕ್ಕ ನಮ್ಮ ಅಮ್ಮಾನ ರೊಟ್ಟಿ ತರಸೋಣ್ರಿ."

"ಸಿಟ್ಟು ಇಳೀತೇನು? ಚಲೋ ಆತು ಬಿಡು."

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಜಾಡಿಯ ಕಾಳು ಬೀಸಿ ಬೇಯಿಸಿದರು. ಘಮವೇ ಇಲ್ಲ. ನರಗುಂದದ ಹಿರಿಯ ಸದಸ್ಯೆ ಮೂಸಿ ನೋಡಿ, "ಇದು ಸಂತಿ ಜ್ವಾಳ ಐತ್ರಿ" ಎಂದರು.

"ಯಾರೋ ಬದಲಿ ಮಾಡ್ಯಾರ್ರಿ!" ಕಳಕಪ್ಪ ಕೂಗಿದರು.

"ಮೊದಲ ಇತ್ತಂತ ಹ್ಯಾಂಗ ನಂಬೂದ್ರಿ?" ಎಂದರು ಆ ಸದಸ್ಯೆ.

ಜಬೀನ ತಲೆ ತಗ್ಗಿಸಿ ನಿಂತಿದ್ದಳು. ಒಳಗೊಳಗೇ ಗುಬ್ಬಿ ನಗುತ್ತಿತ್ತು.

ಮಧ್ಯಾಹ್ನ ಕಾಶೀಂಬಿ ಬುಟ್ಟಿ ಹೊತ್ತು ಬಂದಳು. ಮಗಳ ಪಕ್ಕ ನಿಂತು ಪಿಸುಗುಟ್ಟಿದಳು: "ಮ್ಯಾಲಿನ ಡಬ್ಬಿ ನೀನ ತುಂಬಿಟ್ಟಿದ್ದೆಲಾ ಬೇಟಿ, ದೊಡ್ಡವರು ಬರ್ತಾರಂತ ಎಲ್ಲಾ ಬೀಸಿಸಿಬಿಟ್ಟೆ." ಆಗ ಜಬೀನಳಿಗೆ ನೆನಪಾಯಿತು. ಅಪ್ಪ ಮೋದಿನಸಾಬ ಇದ್ದಾಗ, ಮನೆಗೆ ದೊಡ್ಡವರು ಬಂದರೆ ಅಮ್ಮ ಮಾರಾಟದ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಹಲಗೆಯ ಮೇಲಿನ ಡಬ್ಬಿ ಅತಿಥಿಗಳಿಗೇ ಮೀಸಲು. ಅಪ್ಪ ಹೋದ ಮೇಲೆ ಅತಿಥಿಗಳೇ ಬಂದಿರಲಿಲ್ಲ. ಬುಟ್ಟಿಯ ಬಟ್ಟೆ ಸರಿದದ್ದೇ ಮುಶಿಗೇರಿಯ ಓಣಿ ಕೋಣೆಯ ತುಂಬ ಹರಡಿತು. ಸದಸ್ಯರು ಮೂಗರಳಿಸಿ ಬುಟ್ಟಿಯತ್ತ ತಿರುಗಿದರು. ಕಾಶೀಂಬಿಗೆ ಕಂಡದ್ದು ಮಾತ್ರ ಮೂಲೆಯಲ್ಲಿ ಒಬ್ಬಂಟಿ ಕೂತ, ಯಾರೂ ನೀರು ಸಹ ಕೇಳದ ಒಬ್ಬ ಮನುಷ್ಯ. ಎರಡು ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ, ಮೊದಲ ತಟ್ಟೆಯನ್ನು ಸದ್ದಿಲ್ಲದೆ ಕಳಕಪ್ಪನವರ ಕೈಗೆ ಕೊಟ್ಟಳು.