ಹಂಚು ಇಡಬಾರದ ದಿನ

ಫಕೀರೇಶ ಒಲೆಯ ಮುಂದೆ ನಿಂತಿದ್ದನಾದರೂ ಕಿವಿಯೆಲ್ಲ ಮಹಡಿಯ ಮೆಟ್ಟಿಲ ಮೇಲಿತ್ತು. ಮೇಲಿನ ಖೋಲಿಯಲ್ಲಿ ಬಾಡಿಗೆಗಿರುವ ಶಿವಲೀಲಾ ಟೀಚರ್ ಇನ್ನೇನು ಬ್ಯಾಗು ಹಿಡಿದು ಇಳಿಯುತ್ತಾಳೆ, ಲಕ್ಷ್ಮೇಶ್ವರದ ಬಸ್ಸು ಹತ್ತುತ್ತಾಳೆ. ನಾಗರಪಂಚಮಿಗೆ ತನ್ನೂರಿಗೆ ಹೋಗಲಿ, ಯಾರು ಬೇಡವೆಂದರು? ಆದರೆ ಇವತ್ತು ಮಧ್ಯಾಹ್ನ ಅಲ್ಲಿ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ನಿನ್ನೆ ತನ್ನ ತವರು ಮುಂಡರಗಿಗೆ ಹೊರಟ ಅವ್ವ, ಚಪ್ಪಲಿ ಮೆಟ್ಟುತ್ತ ಈ ಸುದ್ದಿ ಹೇಳಿ ಹೋಗಿದ್ದಳು. ಆಗಿನಿಂದ ಇವನು ಕೂತಲ್ಲಿ ಕೂಡಲಾರ, ನಿಂತಲ್ಲಿ ನಿಲ್ಲಲಾರ. ಬೆಟಗೇರಿಯಲ್ಲಿ ಅವನದೊಂದು ಪುಟ್ಟ ಪ್ರಿಂಟಿಂಗ್ ಪ್ರೆಸ್ಸು. ಊರವರ ಲಗ್ನಪತ್ರಿಕೆ ಅಚ್ಚು ಹಾಕುವುದೇ ಕೆಲಸ. ಅವಳ ಲಗ್ನಪತ್ರಿಕೆಯೂ ತನ್ನ ಕೈಗೇ ಬಂದರೆ? "ಅಕ್ಷರ ಛಂದ ಇರ್ಲಿ ನೋಡ್ರಿ" ಎಂದು ನಕ್ಕರೆ?

ಅದಕ್ಕೇ ನಿನ್ನೆ ಸಂಜೆ ಧೈರ್ಯ ಮಾಡಿ ಮೆಸೇಜ್ ಹಾಕಿದ್ದ: "ಮುಂಜಾನೆ ಬಿಸಿ ಬಿಸಿ ನಾಷ್ಟಾ ಮಾಡಿ ಹೋಗ್ರಿ. ನಾನ ಮಾಡ್ತೀನಿ."

"ನಿಮಗ ಬರ್ತೈತೇನು?" ಎಂದು ಉತ್ತರ ಬಂದಿತ್ತು.

ಬರುತ್ತಿರಲಿಲ್ಲ. ಆದರೂ ಜೋಳದ ಹಿಟ್ಟು, ಕಡಲೆಹಿಟ್ಟಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಸೇರಿಸಿ ಕಲಸಿದ. ಒದ್ದೆ ಅರಿವೆಯ ಮೇಲೆ ತಾಲಿಪಟ್ಟು ತಟ್ಟಿದ. ಮೊದಲನೆಯದು ಶಿರಹಟ್ಟಿ ತಾಲೂಕಿನ ನಕಾಶೆಯಂತಾಯಿತು. ಮುರಿದು ಮತ್ತೆ ತಟ್ಟಿದ. ಬೆರಳಿನಿಂದ ತೂತು ಮಾಡಿ, ರೊಟ್ಟಿಯ ಹಂಚು ಒಲೆಯ ಮೇಲಿಟ್ಟು ಗ್ಯಾಸು ಹಚ್ಚಿದ.

"ಅಯ್ಯ, ಏನ್ ಮಾಡಾಕತ್ತೀರಿ!"

ಹಸಿರು ಇಳಕಲ್ ಸೀರೆಯ ಶಿವಲೀಲಾ ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ಓಡಿಬಂದು ಗ್ಯಾಸು ಆರಿಸಿದಳು. ಅವಳ ಬಳೆ ಅವನ ಮೊಣಕೈಗೆ ತಾಗಿತು. ಅವನಿಗೆ ಹೇಳಬೇಕೆಂದಿದ್ದ ಮಾತೆಲ್ಲ ಮರೆತುಹೋಯಿತು.

"ಪಂಚಮಿ ದಿನ ಹಂಚು ಇಡ್ತಾರೇನ್ರಿ? ನಾಗಪ್ಪಗ ಸುಡ್ತೈತಿ ಅಂತಾರ. ನಿಮ್ಮವ್ವ ನಿನ್ನೇನ ಅಷ್ಟು ರೊಟ್ಟಿ ಬಡದಿಟ್ಟಾರಲ್ಲ, ಯಾಕಂತ ತಿಳಿದ್ರಿ?"

"ನನಗ ಅಡಗಿ ಬರೂದಿಲ್ಲಂತ ಇಟ್ಟಾಳ ಅನ್ಕೊಂಡೆ."

ಅವಳು ತುಟಿ ಕಚ್ಚಿ ನಗು ತಡೆದಳು. ಕಣ್ಣು ಮಾತ್ರ ಕೇಳಲಿಲ್ಲ.

"ಹೋಗ್ಲಿ ಬಿಡ್ರಿ. ನಾಳೆ ಮಾಡ್ಕೊಂಡು ತಿನ್ನೀರಂತ. ನನ್ನ ಬಸ್ಸಿಗೆ ಹೊತ್ತಾತು."

"ನಾಳೆ ಮಾಡಿ ಏನ್ ಮಾಡೂದೈತ್ರಿ? ಅಷ್ಟರಾಗ ನೀವು ಆ ಹುಡುಗಗ ಹೂಂ ಅಂದಿರ್ತೀರಿ."

ಮಾತು ಜಾರಿತ್ತು. ಅವಳು ಹಿಟ್ಟಿನ ಪರಾತದ ಕಡೆ ನೋಡುತ್ತ ನಿಂತಳು.

"ಇಷ್ಟು ದಿನ ಬಾಯಿಗೆ ಬೀಗ ಹಾಕಿದ್ರೇನು?"

"ಅಂಜಿಕಿ. ಮನಿ ಬಿಟ್ಟು ಹೋಗಿಬಿಟ್ರ ಏನ್ ಮಾಡ್ಲಿ? ಖರೆ ಹೇಳ್ತೀನಿ ಟೀಚರ್, ನೀವಂದ್ರ ನನಗ ಜೀವ."

ಅವಳು ಸೆರಗು ಸಿಕ್ಕಿಸಿ ಕೇಳಿದಳು, "ಇಡ್ಲಿ ಪಾತ್ರಿ ಎಲ್ಲೈತಿ?"

"ಯಾಕ್ರಿ?"

"ಹಂಚು ಬ್ಯಾಡ. ಹಬಿಯೊಳಗ ಬೇಯ್ಸಿದ್ರ ನಡೀತೈತಿ, ಕಡಬಿನಂಗ."

ಹಿಟ್ಟನ್ನು ಸಣ್ಣ ಸಣ್ಣದಾಗಿ ತಟ್ಟಿ ಪಾತ್ರೆಯಲ್ಲಿ ಜೋಡಿಸತೊಡಗಿದಳು. ಏನು ನಿಧಾನ! ಒಂದನ್ನು ಇಡುವುದು, ಸರಿಯಿಲ್ಲವೆಂದು ತೆಗೆದು ಮತ್ತೆ ತಟ್ಟುವುದು. ಫಕೀರೇಶ ಗಡಿಯಾರ ನೋಡಿದ, ಬಾಗಿಲಿನ ಬ್ಯಾಗು ನೋಡಿದ, ಅವಳ ಕಿವಿಯ ಹಿಂದೆ ಅಂಟಿದ ಹಿಟ್ಟು ನೋಡಿದ. ಒರೆಸಲೇ ಎಂದು ಕೇಳುವ ಧೈರ್ಯವಿಲ್ಲ.

"ಇದು ಬೇಯೂದ್ರಾಗ ಬಸ್ಸು ಹೋಗಿಬಿಡ್ತೈತ್ರಿ."

"ಹೋಗ್ಲಿ."

"ಮನ್ಯಾಗ ಕಾಯ್ತಿರ್ತಾರ..."

"ಸ್ವಲ್ಪ ಸುಮ್ಮ ಕುಂಡ್ರಿ ನೋಡೂಣು."

ಕುಳಿತ. ಇಬ್ಬರೂ ಮೊಸರು, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು. ಅವಳು ರುಚಿ ನೋಡಿ ನೋಡಿ ತಿಂದಳು. ಅವನು ಗಡಿಯಾರ ನೋಡಿ ನೋಡಿ ನುಂಗಿದ. ಉಪ್ಪು ಹಾಕಿರಲಿಲ್ಲವೆಂಬುದೂ ಅವನಿಗೆ ತಿಳಿಯಲಿಲ್ಲ. ಅವಳು ಹೇಳಲಿಲ್ಲ.

ಕೈ ತೊಳೆದು ಫೋನು ಹಚ್ಚಿದಳು.

"ಅವ್ವಾ, ಅವರಿಗೆ ಬರಬ್ಯಾಡ್ರಿ ಅಂತ ಈಗ ಖಬರ ಕೊಟ್ಟುಬಿಡು. ಸಿಟ್ಟು ಆಮ್ಯಾಲ ಮಾಡೀಯಂತ... ಹೂಂ, ಹಬ್ಬಕ್ಕ ಬರ್ತೀನಿ. ಒಬ್ಬಾಕೀ ಅಲ್ಲ."

ಫೋನಿಟ್ಟಳು. ಫಕೀರೇಶ ಎದ್ದು ನಿಂತ. ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ, ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಮೊದಲ ಅಂಗಿ ಬದಲಸ್ರಿ. ಮೈತುಂಬ ಹಿಟ್ಟು ಬಡ್ಕೊಂಡು ಅಳಿಯ ಬಂದಾನಂದ್ರ ನಮ್ಮವ್ವ ಹೊಸ್ತಲಾ ದಾಟಾಕ ಬಿಡೂದಿಲ್ಲ."